ಬನ್ನಿ ಮಕ್ಕಳೇ, ಬಾಕಿ ತನ್ನಿ

ಕಾನ್ವೆಂಟಿನ ಗೇಟಿಗೆ ಮತ್ತೆ ಬಲೂನು ಕಟ್ಟಿದ್ದಾರೆ.

2022ರ ಜನವರಿ 31, ಸೋಮವಾರ. ಬೆಂಗಳೂರಿನ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕೋವಿಡ್ ಶುರುವಾದ ಮೇಲೆ ಬಾಗಿಲು ಎರಡನೇ ಸಲ ತೆರೆದಿದೆ. ಮೊದಲ ಸಲ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಆಗ ಕಟ್ಟಿದ್ದ ಬ್ಯಾನರೇ ಈಗಲೂ ಇದೆ. ತಾರೀಖಿನ ಮೇಲೆ ಮಾತ್ರ ಬಿಳಿ ಕಾಗದ ಅಂಟಿಸಿದ್ದಾರೆ. ಮಿತವ್ಯಯ ಒಳ್ಳೆಯದೇ. ಫೀಸಿನ ಪಟ್ಟಿಯಲ್ಲೂ ಅದು ಕಂಡಿದ್ದರೆ ಇನ್ನೂ ಒಳ್ಳೆಯದಿತ್ತು.

ಕುಟುಂಬಗಳಿಗೆ ಹೃತ್ಪೂರ್ವಕ ಸ್ವಾಗತ ಎನ್ನುತ್ತದೆ ಬ್ಯಾನರು. ಪೋಷಕರಿಗೆ ಗೇಟಿನೊಳಗೆ ಪ್ರವೇಶವಿಲ್ಲ ಎನ್ನುತ್ತದೆ ಅದರ ಕೆಳಗಿನ ಬೋರ್ಡು. ಎರಡನ್ನೂ ಒಂದೇ ತಂತಿಯಲ್ಲಿ ಬಿಗಿದಿದ್ದಾರೆ.

ಮೊದಲು ಸರ್ಕಾರವನ್ನು ನೋಡೋಣ. ಅಗ್ರತಾಂಬೂಲ ಅದಕ್ಕೇ ಸಲ್ಲಬೇಕು.

2020ರ ಮಾರ್ಚಿನಲ್ಲಿ ಶಾಲೆಗೆ ಬೀಗ ಬಿತ್ತು. ಅದು ಸರಿ. ಆಗ ಯಾರಿಗೂ ಏನೂ ಗೊತ್ತಿರಲಿಲ್ಲ. ತಕರಾರು ಬೀಗ ಹಾಕಿದ್ದರ ಬಗ್ಗೆ ಅಲ್ಲ. ತೆಗೆದ ಸರದಿಯ ಬಗ್ಗೆ.

ಮೇ 4ಕ್ಕೆ ಮದ್ಯದಂಗಡಿ ತೆರೆಯಿತು. ಮೊದಲ ದಿನದ ವ್ಯಾಪಾರ 45 ಕೋಟಿ ರೂಪಾಯಿ. ಮರುದಿನ 197 ಕೋಟಿ. ಜೂನ್ 8ರಿಂದ ಗುಡಿ, ಮಸೀದಿ, ಚರ್ಚು ತೆರೆಯಲು ಅಪ್ಪಣೆಯಾಯಿತು. ಅಕ್ಟೋಬರ್‌ನಲ್ಲಿ ಸಿನಿಮಾ ಮಂದಿರ. ನವೆಂಬರ್ 3ಕ್ಕೆ ರಾಜರಾಜೇಶ್ವರಿನಗರ ಮತ್ತು ಶಿರಾದಲ್ಲಿ ಉಪಚುನಾವಣೆ. ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ. ಮತಗಟ್ಟೆ ಎಲ್ಲಿ? ಶಾಲೆಯಲ್ಲಿ. ಮಗು ಬಂದರೆ ಸೋಂಕು ಹರಡುವ ಕೊಠಡಿಯಲ್ಲಿ ಮತದಾರ ಬಂದರೆ ಹರಡುವುದಿಲ್ಲ. ಪ್ರಜಾಪ್ರಭುತ್ವದ ಮೇಲೆ ವೈರಸ್ಸಿಗೂ ಅಷ್ಟು ಗೌರವ.

2021ರ ಅಕ್ಟೋಬರ್ 1ರಿಂದ ಸಿನಿಮಾ ಮಂದಿರದ ಅಷ್ಟೂ ಸೀಟು ತುಂಬಬಹುದು ಎಂದರು. ಒಂದರಿಂದ ಐದನೇ ತರಗತಿಯವರು ಬೆಂಚಿನ ಮೇಲೆ ಕೂರಲು 25ರ ತನಕ ಕಾದರು. ಅದೂ ಅರ್ಧ ಬೆಂಚು, ಅರ್ಧ ದಿನ. ಅದೇ ವಾರ, 30ನೇ ತಾರೀಖು, ಸಿಂದಗಿ ಮತ್ತು ಹಾನಗಲ್‌ನಲ್ಲಿ ಉಪಚುನಾವಣೆ. ಅಲ್ಲಿಯ ಪ್ರಚಾರ ಸಭೆಗಳಲ್ಲಿ ಯಾರೂ ಅರ್ಧ ಬೆಂಚಿನಲ್ಲಿ ಕೂತ ಹಾಗೆ ಕಾಣಲಿಲ್ಲ.

2022ರ ಜನವರಿ 6ಕ್ಕೆ ಬೆಂಗಳೂರಿನ ಪ್ರಾಥಮಿಕ ಶಾಲೆಗಳಿಗೆ ಮತ್ತೆ ಬೀಗ. 9ಕ್ಕೆ, ಆಗ ವಿರೋಧ ಪಕ್ಷವಾಗಿದ್ದ ಕಾಂಗ್ರೆಸ್ಸು ಮೇಕೆದಾಟು ಅಣೆಕಟ್ಟು ಬೇಕೆಂದು ಪಾದಯಾತ್ರೆ ಹೊರಟಿತು. ಹೈಕೋರ್ಟು ಗದರಿದ ಮೇಲೆ ನಿಂತಿತು. ಆಳುವವರ ಪಟ್ಟಿಯಲ್ಲಿ ಮಗು ಕೊನೆಯದು. ವಿರೋಧಿಸುವವರ ಪಟ್ಟಿಯಲ್ಲಿ ಮಗುವೇ ಇಲ್ಲ. ಈ ರಾಜ್ಯದಲ್ಲಿ ಸರ್ವಪಕ್ಷ ಒಮ್ಮತ ಸಾಧ್ಯವಿಲ್ಲ ಎಂದವರು ಯಾರು?

ನಡುವೆ ಆನ್‌ಲೈನ್ ಪ್ರಹಸನ ಬೇರೆ. 2020ರ ಜೂನ್‌ನಲ್ಲಿ ಐದನೇ ತರಗತಿಯವರೆಗೆ ಆನ್‌ಲೈನ್ ಪಾಠವೇ ಕೂಡದು ಎಂದಿತು ಸರ್ಕಾರ. ಪ್ರೊ. ಎಂ.ಕೆ. ಶ್ರೀಧರ್ ಅವರ ಸಮಿತಿ ಕೂತಿತು. ಅದರ ವರದಿಗೂ ಕಾಯದೆ, ವಾರಕ್ಕೆ ಮೂರು ದಿನ, ಇಷ್ಟೇ ನಿಮಿಷ, ಆಗಬಹುದು ಎಂದಿತು. ಜುಲೈ 8ಕ್ಕೆ ಹೈಕೋರ್ಟು ನಿಷೇಧಕ್ಕೇ ತಡೆ ಕೊಟ್ಟಿತು. ಒಂದು ತಿಂಗಳೊಳಗೆ ಬೇಡ, ಸ್ವಲ್ಪ ಸಾಕು, ಎಷ್ಟಾದರೂ ಸರಿ. ಮಗುವಿನ ಕಣ್ಣಿನ ಚಿಂತೆ ಅಲ್ಲಿಗೆ ಮುಗಿಯಿತು. ಆಮೇಲೆ ಯಾರೂ ಆ ಕಣ್ಣನ್ನು ತಿರುಗಿ ನೋಡಲಿಲ್ಲ.

ಈಗ ಶಾಲೆಗೆ ಬರೋಣ.

ಶಾಲೆ ತೆರೆಯುವ ಮುಂಚೆ ವಾಟ್ಸ್ಯಾಪ್ ಗುಂಪಿಗೆ ಸುತ್ತೋಲೆ ಬಂತು. ಮೊದಲ ಪ್ಯಾರಾದಲ್ಲಿ ದೇವರ ಕೃಪೆ. ಎರಡನೆಯದರಲ್ಲಿ ನಾವೆಲ್ಲ ಒಂದೇ ಕುಟುಂಬ. ಮೂರನೆಯದರಲ್ಲಿ ಬ್ಯಾಂಕ್ ಖಾತೆಯ ಸಂಖ್ಯೆ. ಕೊನೆಯ ಸಾಲಿನಲ್ಲಿ, ತಡವಾದರೆ ದಂಡ. ನನ್ನ ಬೀಗರು ಬಿಗಿ ಜನ. ಅವರೂ ಇಷ್ಟು ಮಾಡಿಲ್ಲ.

ಫೀಸಿನ ಪಟ್ಟಿಯನ್ನು ಒಮ್ಮೆ ಓದಬೇಕು. ಶಾಲೆ ಮುಚ್ಚಿದ್ದ ವರ್ಷದ ಪಟ್ಟಿ. ಲೈಬ್ರರಿ ಇದೆ. ಲೈಬ್ರರಿಗೆ ಬೀಗ. ಕ್ರೀಡೆ ಇದೆ. ಮೈದಾನದಲ್ಲಿ ಮೊಣಕಾಲೆತ್ತರ ಹುಲ್ಲು. ಕಂಪ್ಯೂಟರ್ ಇದೆ. ಕಂಪ್ಯೂಟರ್ ನನ್ನದು, ಕರೆಂಟು ನನ್ನದು, ಡೇಟಾ ನನ್ನದು. ವಾರ್ಷಿಕೋತ್ಸವವೂ ಇದೆ. ಅದು ನಮ್ಮ ಅಡುಗೆಮನೆಯಲ್ಲಿ ನಡೆಯಿತು. ನನ್ನ ಮಗಳು ಫ್ರಿಜ್ಜಿನ ಮುಂದೆ ನಿಂತು ಸ್ವಾಗತಗೀತೆ ಹಾಡಿದಳು. ಮುಖ್ಯ ಅತಿಥಿಗಳು ಮ್ಯೂಟ್‌ನಲ್ಲಿ ಮಾತಾಡಿದರು.

2021ರ ಜನವರಿಯಲ್ಲಿ ಸರ್ಕಾರ ಬೋಧನಾ ಶುಲ್ಕದ ನೂರಕ್ಕೆ 70 ಭಾಗ ಮಾತ್ರ ತೆಗೆದುಕೊಳ್ಳಿ ಎಂದಿತು. ಫೆಬ್ರುವರಿಯಲ್ಲಿ ಖಾಸಗಿ ಶಾಲೆಗಳು ಬೀದಿಗಿಳಿದವು. ಸೆಪ್ಟೆಂಬರ್‌ನಲ್ಲಿ ಹೈಕೋರ್ಟು 15 ಭಾಗ ಕಡಿತ ಸಾಕು ಎಂದಿತು. ನಮ್ಮ ಶಾಲೆ ತೀರ್ಪನ್ನು ಶಿರಸಾವಹಿಸಿ ಪಾಲಿಸಿತು. ಒಂದು ಸಾಲಿನಲ್ಲಿ 15 ಕಳೆಯಿತು. ಕೆಳಗೆ 'ಅಭಿವೃದ್ಧಿ' ಎಂದು ಹೊಸ ಸಾಲು ಬರೆಯಿತು.

ಆಫೀಸಿನ ಕೌಂಟರಿನ ಹಿಂದೆ ಯೇಸುವಿನ ಪವಿತ್ರ ಹೃದಯದ ಪಟ. ಅದರ ಮುಂದೆ ಸದಾ ಉರಿಯುವ ಕೆಂಪು ಬಲ್ಬು. ಪಟದ ಕೆಳಗೆ ಕ್ಯೂಆರ್ ಕೋಡು. ನನ್ನ ಮುಂದೆ ನಿಂತಿದ್ದವರು ಕ್ಯಾಬ್ ಓಡಿಸುವವರು.

"ಸರ್, ನಿಮ್ದು ಬ್ಯಾಲೆನ್ಸ್ ಇದೆ."

"ಗೊತ್ತು ಮೇಡಂ. ಮಗೂನ ಕ್ಲಾಸಿಗೆ ಕೂರಿಸ್ಕೊಳ್ಳಿ. ಮುಂದಿನ ತಿಂಗಳು ಕಟ್ತೀನಿ."

"ನಾನೇನ್ ಮಾಡ್ಲಿ ಸರ್? ಸಿಸ್ಟಮ್ ತಗೊಳಲ್ಲ."

ಯೇಸು ತಗೊಳ್ಳುತ್ತಿದ್ದ. ಸಿಸ್ಟಮ್ ತಗೊಳ್ಳುವುದಿಲ್ಲ.

ಮತ್ತಾಯ ಸುಂಕದ ಕಟ್ಟೆಯಲ್ಲಿ ಕೂತಿದ್ದವನು. ಯೇಸು ಕರೆದ. ಅವನು ಕಟ್ಟೆ ಬಿಟ್ಟು ಎದ್ದು ಹೊರಟ. ಈ ಕತೆ ಮಗಳ ಮಾರಲ್ ಸೈನ್ಸ್ ಪುಸ್ತಕದಲ್ಲಿದೆ, ಬಣ್ಣದ ಚಿತ್ರದ ಸಮೇತ. ಆ ಪುಸ್ತಕಕ್ಕೂ ಇದೇ ಕೌಂಟರಿನಲ್ಲಿ ದುಡ್ಡು ಕಟ್ಟಬೇಕು.

ಆಗುವುದಿಲ್ಲ, ಮಗುವನ್ನು ಸರ್ಕಾರಿ ಶಾಲೆಗೆ ಸೇರಿಸುತ್ತೇನೆ ಎಂದರೆ? ಟಿಸಿ ಬೇಕು. ಟಿಸಿ ಬೇಕೆಂದರೆ ಬಾಕಿ ಕಟ್ಟಬೇಕು. ಬಾಕಿ ಕಟ್ಟುವ ಶಕ್ತಿಯಿದ್ದಿದ್ದರೆ ಟಿಸಿ ಯಾಕೆ ಕೇಳುತ್ತಿದ್ದರು? ಒಳಗೂ ಬಿಡರು, ಹೊರಗೂ ಬಿಡರು. ಸ್ವರ್ಗಕ್ಕಿನ್ನೂ ಸಲ್ಲದ ಆತ್ಮ ಕಾಯುವ ಜಾಗಕ್ಕೆ ಕ್ಯಾಥೊಲಿಕರು ಪರ್ಗೆಟರಿ ಎನ್ನುತ್ತಾರೆ. ಅಲ್ಲಿಂದ ಪ್ರಾರ್ಥನೆಯ ಬಲದಿಂದ ಬಿಡುಗಡೆಯುಂಟು. ಇಲ್ಲಿ ಎನ್‌ಇಎಫ್‌ಟಿಯಿಂದ ಮಾತ್ರ.

ಫೀಸು ಬಾರದೆ ಟೀಚರುಗಳಿಗೆ ಸಂಬಳ ಕೊಡುವುದು ಹೇಗೆ ಎಂದು ಆಡಳಿತ ಮಂಡಳಿ ಕೇಳುತ್ತದೆ. ನ್ಯಾಯವಾದ ಪ್ರಶ್ನೆ. ಅದನ್ನೇ ಟೀಚರುಗಳೂ ಕೇಳುತ್ತಿದ್ದಾರೆ. ನಮ್ಮಿಂದ 85 ಭಾಗ ತೆಗೆದುಕೊಂಡವರು ಅವರಿಗೆ ಅರ್ಧ ಸಂಬಳ ಕೊಟ್ಟರು. ಉಳಿದದ್ದು ಎಲ್ಲಿ ಹೋಯಿತು ಎಂದರೆ, ತ್ಯಾಗದ ಮಹತ್ವದ ಬಗ್ಗೆ ಪ್ರವಚನ. ಸಂಬಳದ ವಿಷಯ ಬಂದಾಗ ಮಾತ್ರ ಶಾಲೆ ಸೇವೆಯಾಗುತ್ತದೆ. ಫೀಸಿನ ವಿಷಯ ಬಂದಾಗ ಸಂಸ್ಥೆಯಾಗುತ್ತದೆ.

ಸರ್ಕಾರವೂ ಕೈಚಾಚಿತು ಎನ್ನಬೇಕು. 2021ರ ಜೂನ್‌ನಲ್ಲಿ ಅನುದಾನರಹಿತ ಶಾಲೆಗಳ ಶಿಕ್ಷಕರಿಗೆ ತಲಾ 5,000 ರೂಪಾಯಿ ಘೋಷಿಸಿತು. ಒಂದೇ ಸಲ. ಅಷ್ಟು ದಿನದ ಉಪವಾಸಕ್ಕೆ ಒಂದು ಹೊತ್ತಿನ ಊಟ. ಅದರ ಜೊತೆ ಫೋಟೊ.

ಇನ್ನು ಬ್ಯಾನರು ತೋರಿಸದ ಸಂಗತಿ.

ನಮ್ಮ ಕಾನ್ವೆಂಟಿನ ಕಾಂಪೌಂಡು ಒಂದೇ. ಶಾಲೆ ಎರಡು. ಮುಂದಿನ ಗೇಟಿನದು ಇಂಗ್ಲಿಷ್ ಮಾಧ್ಯಮ, ಅನುದಾನರಹಿತ. ಹಿಂದಿನ ಗೇಟಿನದು ಕನ್ನಡ ಮಾಧ್ಯಮ, ಅನುದಾನಿತ. ಹಿಂದಿನದೇ ಹಳೆಯದು. ಯಾವುದೋ ಕಾಲದಲ್ಲಿ ದೂರದಿಂದ ಬಂದ ಸಿಸ್ಟರುಗಳು, ಬೇರೆ ಯಾರೂ ಒಳಗೆ ಬಿಟ್ಟುಕೊಳ್ಳದ ಮನೆಗಳ ಹೆಣ್ಣುಮಕ್ಕಳನ್ನು ಕರೆದು ಕೂರಿಸಿ ಅಕ್ಷರ ಕಲಿಸಿದ ಶಾಲೆ ಅದು. ಆ ಸಿಸ್ಟರುಗಳಿಗೆ ಕೈ ಮುಗಿಯಬೇಕು. ಅವರು ಗಳಿಸಿಟ್ಟ ಹೆಸರಿನಿಂದಲೇ ಮುಂದಿನ ಗೇಟಿನವರು ಇಂದು ಫೀಸು ವಸೂಲಿ ಮಾಡುತ್ತಿರುವುದು.

ಹಿಂದಿನ ಗೇಟಿಗೆ ಬಲೂನಿಲ್ಲ. ಅಲ್ಲಿ ನಿವೃತ್ತರಾದ ಮೇಷ್ಟ್ರ ಜಾಗಕ್ಕೆ ಇನ್ನೊಬ್ಬರಿಲ್ಲ. ಅನುದಾನಿತ ಶಾಲೆಗಳ ಖಾಲಿ ಹುದ್ದೆ ತುಂಬಲು ಸರ್ಕಾರ ವರ್ಷಗಟ್ಟಲೆ ಅನುಮತಿ ಕೊಡದೆ ಕೂತಿತ್ತು. ಕನ್ನಡ ಉಳಿಸಿ ಎಂದು ನವೆಂಬರ್‌ನಲ್ಲಿ ಕೂಗುವ ಸರ್ಕಾರವೇ. ಆಡಳಿತ ಮಂಡಳಿಗೂ ಅವಸರವಿಲ್ಲ. ಆ ಕಟ್ಟಡ ಖಾಲಿಯಾದರೆ ಇಂಗ್ಲಿಷ್ ಮಾಧ್ಯಮಕ್ಕೆ ಇನ್ನೊಂದು ಸೆಕ್ಷನ್ ತೆರೆಯಬಹುದು.

ಮುಂದಿನ ಗೇಟಿನಲ್ಲಿ ಮಕ್ಕಳ ಅಂಗೈಗೆ ಸ್ಯಾನಿಟೈಸರ್ ಹನಿಸುವ ಆಯಾ ಇದ್ದಾರಲ್ಲ, ಅವರ ಮಗಳು ಓದುವುದು ಹಿಂದಿನ ಗೇಟಿನಲ್ಲಿ. ಅವರದು ಕ್ಯಾಥೊಲಿಕ್ ಮನೆಯೇ. ಭಾನುವಾರದ ಪೂಜೆಗೆ ತಪ್ಪದೆ ಬರುವ ಮನೆ. ಆ ಮನೆಯಲ್ಲಿ ಫೋನು ಒಂದೇ. ಅದು ಬೆಳಿಗ್ಗೆ ಗಂಡನ ಜೊತೆ ಕೆಲಸಕ್ಕೆ ಹೋಗಿ ರಾತ್ರಿ ಬರುತ್ತದೆ. ಮಗಳ ಪಾಠ? ಬಿಸಿಯೂಟದ ಬದಲು ಕೊಟ್ಟ ಅಕ್ಕಿ ಬೇಳೆ ತರಲು ಹೋದಾಗ ಮೇಷ್ಟ್ರು ಏನು ಹೇಳಿದರೋ ಅಷ್ಟು.

ಇದು ಒಂದು ಮನೆಯ ಕತೆಯಲ್ಲ. 2021ರ ಆಗಸ್ಟಿನಲ್ಲಿ ಅರ್ಥಶಾಸ್ತ್ರಜ್ಞ ಜ್ಯಾಂ ಡ್ರೆಜ್ ಮತ್ತು ಸಂಗಡಿಗರು 15 ರಾಜ್ಯ, ಕೇಂದ್ರಾಡಳಿತ ಪ್ರದೇಶಗಳ ಬಡಕುಟುಂಬಗಳಲ್ಲಿ ಸಮೀಕ್ಷೆ ಮಾಡಿಸಿದರು. ಹಳ್ಳಿಯ ಮಕ್ಕಳಲ್ಲಿ ನಿಯಮಿತವಾಗಿ ಆನ್‌ಲೈನ್ ಪಾಠ ಕೇಳುತ್ತಿದ್ದವರು ನೂರಕ್ಕೆ 8. ಏನೂ ಓದದೆ ಇದ್ದವರು 37. ಅದಕ್ಕೂ ಮುಂಚೆ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ 16,067 ಮಕ್ಕಳನ್ನು ಕೂರಿಸಿ ಕೇಳಿದ್ದರು. ನೂರರಲ್ಲಿ 92 ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಒಂದಾದರೂ ಭಾಷಾ ಕೌಶಲವನ್ನು ಮರೆತಿದ್ದರು. ಗಣಿತದಲ್ಲಿ 82. ಹೊಸದು ಕಲಿಯದಿರುವುದು ಬೇರೆ ಮಾತು. ಇವರು ಕಲಿತದ್ದನ್ನೂ ಕಳೆದುಕೊಂಡವರು.

ಪೋಪ್ ಫ್ರಾನ್ಸಿಸ್ 2020ರ ಅಕ್ಟೋಬರ್‌ನಲ್ಲೇ ಇದನ್ನು ಶಿಕ್ಷಣದ ಮಹಾವಿಪತ್ತು ಎಂದಿದ್ದರು. ರೋಮಿನ ಮಾತು ನಮ್ಮ ಕೌಂಟರಿಗೆ ಇನ್ನೂ ತಲುಪಿಲ್ಲ. ಬಹುಶಃ ಅದನ್ನೂ ಸಿಸ್ಟಮ್ ತಗೊಳ್ಳಲಿಲ್ಲ.

ಬಡ ಮಕ್ಕಳಿಗೆ ನಾಲ್ಕನೇ ಒಂದು ಭಾಗ ಸೀಟು ಕೊಡಿ ಎಂದು ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳಿಗೆ ಹೇಳಿದಾಗ, ನಾವು ಅಲ್ಪಸಂಖ್ಯಾತ ಸಂಸ್ಥೆ ಎಂದರು. 2014ರ ಪ್ರಮತಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹೌದು ಎಂದಿತು. ಸಂವಿಧಾನದ 30ನೇ ವಿಧಿ ದೊಡ್ಡ ಹಕ್ಕು. ಒಂದು ಸಣ್ಣ ಸಮುದಾಯ ತನ್ನ ಮಕ್ಕಳನ್ನು ತಾನೇ ಬೆಳೆಸಿಕೊಳ್ಳಲಿ ಎಂದು ಕೊಟ್ಟದ್ದು. ಆ ಹಕ್ಕಿನ ಮರೆಯಲ್ಲಿ ನಿಂತವರು ತಮ್ಮದೇ ಚರ್ಚಿನ ಹಿಂದಿನ ಸಾಲಿನಲ್ಲಿ ಕೂರುವ ಆಯಾಳ ಮಗಳನ್ನು ಮುಂದಿನ ಗೇಟಿನೊಳಗೆ ಬಿಟ್ಟುಕೊಂಡಿಲ್ಲ. ಸೀಟು ಕೊಡುವಾಗ ಅಲ್ಪಸಂಖ್ಯಾತರು. ಫೀಸು ಎತ್ತುವಾಗ ಸರ್ವಧರ್ಮ ಸಮಭಾವ.

ಹಾಗೆಂದು ಕಾನ್ವೆಂಟುಗಳ ಮೇಲೆ ಕೆಂಡ ಕಾರುವವರು ಚಪ್ಪಾಳೆ ತಟ್ಟಬೇಕಾಗಿಲ್ಲ. ಅವರ ಸರದಿಯೂ ಬಂತು.

2021ರ ಅಕ್ಟೋಬರ್‌ನಲ್ಲಿ ಮಕ್ಕಳು ಶಾಲೆಗೆ ಬಂದರು. ಅದೇ ಅಕ್ಟೋಬರ್‌ನಲ್ಲಿ ವಿಧಾನಮಂಡಲದ ಸಮಿತಿಯೊಂದು ರಾಜ್ಯದ ಚರ್ಚುಗಳ ಸಮೀಕ್ಷೆ ಮಾಡಿಸಿ ಎಂದಿತು. ಎಷ್ಟು ಮಕ್ಕಳು ಶಾಲೆಗೆ ಮರಳಲಿಲ್ಲ ಎಂಬುದಕ್ಕಿಂತ ಎಷ್ಟು ಶಿಲುಬೆಗಳಿವೆ ಎಂಬುದರ ಲೆಕ್ಕ ತುರ್ತಾಗಿ ಬೇಕಿತ್ತು. ಡಿಸೆಂಬರ್‌ನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ಮತಾಂತರದ ವಿರುದ್ಧ ಮಸೂದೆಯೂ ವಿಧಾನಸಭೆಯಲ್ಲಿ ಪಾಸಾಯಿತು. ಕಲಿಕೆ ಎಷ್ಟು ಕುಸಿದಿದೆ ಎಂಬುದಕ್ಕೆ ಅಷ್ಟು ದೊಡ್ಡ ದನಿ ಎದ್ದದ್ದು ನನಗೆ ಕೇಳಿಸಲಿಲ್ಲ.

ಸದನದಲ್ಲಿ ಮಿಷನರಿಗಳನ್ನು ಬೈದವರು ಜೂನ್ ಬಂತೆಂದರೆ ಏನು ಮಾಡುತ್ತಾರೆ? ಲೆಟರ್‌ಹೆಡ್ಡಿನಲ್ಲಿ ಶಿಫಾರಸು ಬರೆಯುತ್ತಾರೆ. ಫಾದರ್, ನಮ್ಮ ಹುಡುಗನಿಗೆ ಒಂದು ಸೀಟು. ಸಾವಿರ ಮಕ್ಕಳ ಮತ ಕೆಡಿಸುವ ಶಾಲೆ ಇವರ ಮೊಮ್ಮಗನ ಮತವನ್ನು ಮಾತ್ರ ಕೆಡಿಸುವುದಿಲ್ಲ. ಫಾದರೂ ಸೀಟು ಕೊಡುತ್ತಾರೆ. ಶತ್ರುವನ್ನೂ ಪ್ರೀತಿಸಬೇಕು ಎಂಬ ಬೋಧನೆ ಜಾರಿಗೆ ಬರುವುದು ಆ ಲೆಟರ್‌ಹೆಡ್ಡಿನ ಮುಂದೆ ಮಾತ್ರ. ಕ್ಯಾಬ್ ಡ್ರೈವರು ಶತ್ರುವಲ್ಲವಲ್ಲ. ಹಾಗಾಗಿ ಅವರಿಗೆ ಆ ಸೌಲಭ್ಯವಿಲ್ಲ.

ಇನ್ನು ನಾವು. ಪೋಷಕರು. ನಮ್ಮ ಬಗ್ಗೆ ನಾವು ಕನಿಕರ ತೋರಿಸಿದ್ದು ಸಾಕು.

ಮಗುವಿನ ಪ್ರಾಣ ಮುಖ್ಯ, ಶಾಲೆಗೆ ಕಳಿಸುವುದಿಲ್ಲ ಎಂದು ಗುಂಪಿನಲ್ಲಿ ಉದ್ದುದ್ದ ಬರೆದವರ ಪ್ರೊಫೈಲ್ ಫೋಟೊ ನೋಡಿ. ಗೋವಾ ಕಡಲತೀರ. ಮಾಸ್ಕು ಗದ್ದದ ಮೇಲೆ. ನೂರಾರು ಜನರ ಮದುವೆಮನೆಯಲ್ಲಿ ಮಗುವಿಗೆ ಎರಡನೇ ಹೋಳಿಗೆ ಬಡಿಸಿದವರು, ತರಗತಿಯಲ್ಲಿ ಮೂವತ್ತು ಮಕ್ಕಳೇ ಎಂದು ಹೌಹಾರಿದರು. ಮಾಲಿನಲ್ಲಿ ಇಲ್ಲದ ಭಯ ಬೆಂಚಿನಲ್ಲಿ ಬಂತು.

ಫೀಸಿನ ವಿರುದ್ಧ ಗುಂಪಿನಲ್ಲಿ ಕ್ರಾಂತಿಯಾಯಿತು. ಸಿಸ್ಟರಿಗೆ ಮನವಿ ಕೊಡೋಣ, ಯಾರು ಬರುತ್ತೀರಿ ಎಂದಾಗ ಗುಂಪಿಗೆ ಗುಂಪೇ ಟೈಪಿಂಗ್ ನಿಲ್ಲಿಸಿತು. ಕ್ಯಾಬ್ ಡ್ರೈವರಿಗೆ ಕೌಂಟರಿನಲ್ಲಿ ಹಾಗಾಯಿತು ಎಂದರೆ ಕೈಮುಗಿದ ಇಮೋಜಿ ಬಂತು. ಇಂಥ ಶಾಲೆ ಅವರ ಲೆವೆಲ್ಲಿಗೆ ಯಾಕೆ ಬೇಕಿತ್ತು ಎಂಬ ಮಾತೂ ಬಂತು. ಹಿಂದಿನ ಗೇಟಿನ ಶಾಲೆ ಮುಚ್ಚಿದರೆ ಮಕ್ಕಳಿಗೆ ಬಾಸ್ಕೆಟ್‌ಬಾಲ್ ಅಂಗಳ ಸಿಗುತ್ತದೆ ಎಂದು ಲೆಕ್ಕ ಹಾಕಿದವರೂ ನಮ್ಮ ನಡುವೆಯೇ ಇದ್ದಾರೆ. ನಮಗೆ ತಕ್ಕ ಶಾಲೆಯೇ ನಮಗೆ ಸಿಕ್ಕಿದೆ.

ಈಗ ಸುರಕ್ಷತೆಯ ವೈಭವ.

ಒಂದು ಆಮ್ನಿ ವ್ಯಾನು ಬಂದು ನಿಲ್ಲುತ್ತದೆ. ಬಾಗಿಲು ತೆರೆದರೆ ಮಕ್ಕಳು ಒಬ್ಬರ ಮೇಲೊಬ್ಬರು ಉದುರುತ್ತಾರೆ. ಇಳಿದ ಕೂಡಲೇ ನೆಲದ ಮೇಲಿನ ಹಳದಿ ವೃತ್ತಗಳಲ್ಲಿ ದೂರದೂರ ನಿಲ್ಲಬೇಕು. ಅರ್ಧ ಗಂಟೆ ಒಂದೇ ಸೀಟಿನಲ್ಲಿ ತೊಡೆಯ ಮೇಲೆ ತೊಡೆಯಿಟ್ಟು ಬಂದವರು ಈಗ ಆರಡಿ ದೂರ. ಕಾವಲುಗಾರ ಹಣೆಗೆ ಥರ್ಮಲ್ ಗನ್ ಹಿಡಿಯುತ್ತಾನೆ. 34 ಡಿಗ್ರಿ. ಮುಂದಿನ ಮಗುವಿಗೂ 34. ಅದರ ಮುಂದಿನದಕ್ಕೂ. ಆ ಲೆಕ್ಕದಲ್ಲಿ ಇಡೀ ಎರಡನೇ ತರಗತಿಯನ್ನು ಐಸಿಯುಗೆ ಸೇರಿಸಬೇಕು. ಆತ ರಿಜಿಸ್ಟರಿನಲ್ಲಿ ನಾರ್ಮಲ್ ಎಂದು ಬರೆಯುತ್ತಾನೆ.

ಆ ಎರಡನೇ ತರಗತಿಯವರ ಸ್ಥಿತಿ ಗೊತ್ತೇ? ಅಕ್ಟೋಬರ್‌ನಲ್ಲಿ ಗೇಟು ತೆರೆದಾಗ ಪ್ರಾಥಮಿಕ ಶಾಲೆಯ ತರಗತಿಯನ್ನು ಅವರು ಕಣ್ಣಾರೆ ಕಂಡದ್ದು ಅದೇ ಮೊದಲು. ಒಂದನೇ ತರಗತಿಯನ್ನು ಇಡೀ ಪರದೆಯ ಮೇಲೆ ಮುಗಿಸಿದವರು. ನಮ್ಮ ಮಹಡಿಯ ಹುಡುಗನೊಬ್ಬ ಮೊದಲ ದಿನ, ಉಚ್ಚೆ ಬಂದರೆ ಯಾರಿಗೆ ಮೆಸೇಜ್ ಮಾಡಬೇಕು ಎಂದು ಕೇಳಿದನಂತೆ. ಒಂದನೇ ತರಗತಿಗೆಂದು ಹೊಲಿಸಿದ ಸಮವಸ್ತ್ರ ಹೊಸದರಂತೆ ಬೀರುವಿನಲ್ಲಿತ್ತು. ಚಡ್ಡಿ ಮಾತ್ರ ಏರಲಿಲ್ಲ. ಹೊಸದು ಶಾಲೆಯಲ್ಲೇ ಕೊಳ್ಳಬೇಕು. ಹೊರಗಿನ ಬಟ್ಟೆಯಲ್ಲಿ ಶಿಸ್ತು ಬರುವುದಿಲ್ಲ.

ಇಷ್ಟೆಲ್ಲದರ ಶಿಖರ, ಒಪ್ಪಿಗೆ ಪತ್ರ. ಅದು ಸರ್ಕಾರದ ಮಾರ್ಗಸೂಚಿಯಲ್ಲೇ ಇತ್ತು. ಪೋಷಕರ ಲಿಖಿತ ಒಪ್ಪಿಗೆಯಿಲ್ಲದೆ ಮಗುವಿಗೆ ಪ್ರವೇಶವಿರಲಿಲ್ಲ. ನಮ್ಮ ಶಾಲೆ ಅದಕ್ಕೆ ತನ್ನ ಕಡೆಯಿಂದ ಒಂದು ಸಾಲು ಸೇರಿಸಿತು. ಏನಾದರೂ ಆದರೆ ಆಡಳಿತ ಮಂಡಳಿ ಹೊಣೆಯಲ್ಲ. ಸರ್ಕಾರ ತನ್ನ ಹೊಣೆಯನ್ನು ಶಾಲೆಗೆ ದಾಟಿಸಿತು. ಶಾಲೆ ನನಗೆ ದಾಟಿಸಿತು. ನಾನು ಅದನ್ನು ಏಳು ವರ್ಷದವಳ ಬ್ಯಾಗಿನೊಳಗೆ ಇಟ್ಟು ಕಳಿಸಿದೆ. ಒಂದೇ ಕುಟುಂಬವಂತೆ. ಮನೆಗೆ ಬಾ ಎಂದು ಕರೆದು, ಏನಾದರೂ ಆದರೆ ನನ್ನನ್ನು ಕೇಳಬೇಡ ಎಂದು ಬರೆಸಿಕೊಳ್ಳುವ ಸಂಬಂಧಿಕರು ಯಾವ ಊರಿನಲ್ಲಿದ್ದಾರೆ?

ಮುಂದಿನ ವರ್ಷದ ಫೀಸಿನ ಪಟ್ಟಿಯೂ ಬಂದಾಗಿದೆ. ಏರಿದೆ. ಕೋವಿಡ್ ನಷ್ಟ ತುಂಬಿಕೊಳ್ಳಬೇಕಂತೆ. ಯಾರ ನಷ್ಟ ಎಂದು ಕೇಳಬಾರದು.

ಬಾಕಿ ಕೇಳುವ ಸಂದೇಶ ವಾರಕ್ಕೊಂದು ಬರುತ್ತಿದೆ. ಲಸಿಕೆಯ ಪ್ರಮಾಣಪತ್ರ ಕೇಳಿದರು, ಆಧಾರ್ ಕೇಳಿದರು, ಒಪ್ಪಿಗೆ ಕೇಳಿದರು, ಧರ್ಮ ಮತ್ತು ಜಾತಿಯ ಕಾಲಂ ತುಂಬಿಸಿಕೊಂಡರು. ಇಷ್ಟು ದಿನ ಮನೆಯಲ್ಲಿ ಕೂತು ಈ ಮಗು ಏನೇನು ಮರೆತಿದೆ ಎಂದು ಕೇಳುವ ಫಾರಂ ಮುಂದಿನ ಗೇಟಿನಲ್ಲೂ ಇಲ್ಲ, ಹಿಂದಿನ ಗೇಟಿನಲ್ಲೂ ಇಲ್ಲ, ವಿಧಾನಸೌಧದಲ್ಲೂ ಇಲ್ಲ. ಇದ್ದಿದ್ದರೆ ಅದಕ್ಕೂ ಇಪ್ಪತ್ತು ರೂಪಾಯಿ ಇಟ್ಟಿರುತ್ತಿದ್ದರು. ನಾವು ಕೊಟ್ಟಿರುತ್ತಿದ್ದೆವು.